ಜೈಲಿನಿಂದ ಬಂದ ಕವಿತೆಗೆ ಏನಂತ ಉತ್ತರ ಬರೆಯುವುದು?

ಪ್ರಶ್ನೆ: ನನ್ನ ತಮ್ಮ ಎಂಟು ತಿಂಗಳಿಂದ ಪರಪ್ಪನ ಅಗ್ರಹಾರದಲ್ಲಿ ವಿಚಾರಣಾಧೀನ ಕೈದಿ. ಭೇಟಿಗೆ ಹೋದರೆ ಹೆಚ್ಚು ಮಾತಾಡುವುದಿಲ್ಲ. ಆದರೆ ಈಚೆಗೆ ಪತ್ರದ ಕೊನೆಯಲ್ಲಿ ನಾಲ್ಕಾರು ಸಾಲು ಕವಿತೆ ಬರೆದು ಕಳಿಸುತ್ತಿದ್ದಾನೆ. ಬ್ಯಾರಕ್‌ನಲ್ಲಿ ಓದುಬರಹ ಬಾರದ ಕೆಲವರಿಗೆ ಇವನೇ ಪತ್ರ ಬರೆದುಕೊಡುತ್ತಾನಂತೆ. ನಾನು ಏನಂತ ಉತ್ತರ ಬರೆಯಲಿ? ಕೆಲವು ಪತ್ರ ತಲುಪುತ್ತಲೇ ಇಲ್ಲ. ಕವಿತೆಗಳನ್ನು ಪತ್ರಿಕೆಗೆ ಕೊಡಬಹುದೇ, ಅದರಿಂದ ಕೇಸಿಗೆ ತೊಂದರೆಯೇ? ಅವನ ಸ್ನೇಹಿತರೂ ಬರೆಯುತ್ತೇವೆ ಅನ್ನುತ್ತಿದ್ದಾರೆ. — ಒಬ್ಬ ಅಕ್ಕ, ಮಂಡ್ಯ

ಉತ್ತರ: ಕೇಸಿನ ಮಾತು ಮೊದಲು ಮುಗಿಸೋಣ, ಯಾಕೆಂದರೆ ಉಳಿದ ಎಲ್ಲದಕ್ಕೂ ಅದೇ ಬೇಲಿ. ನಿಮ್ಮಿಬ್ಬರ ಪತ್ರ ನಿಮ್ಮಿಬ್ಬರಿಗೆ ಮಾತ್ರ ಸೇರಿದ್ದಲ್ಲ. ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ಜೈಲಿನ ಅಧಿಕಾರಿಯೊಬ್ಬರು ಓದಿಯೇ ಮುಂದಕ್ಕೆ ಬಿಡುತ್ತಾರೆ. ವಕೀಲರಿಗೂ ಕಕ್ಷಿದಾರನಿಗೂ ನಡುವಿನ ಮಾತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ (2023) 132ನೇ ಕಲಮಿನ ರಕ್ಷಣೆ ಇದೆ. ಅಕ್ಕ–ತಮ್ಮಂದಿರ ಮಾತಿಗೆ ಅಂಥದ್ದೇನೂ ಇಲ್ಲ. ಹಾಗಾಗಿ ಆವತ್ತು ಯಾರು ಎಲ್ಲಿದ್ದರು, ಪೊಲೀಸರು ಏನು ಕೇಳಿದರು, ಸಾಕ್ಷಿಗಳ ಹೆಸರು, ಜೊತೆ ಆರೋಪಿಗಳ ಸುದ್ದಿ, ಜಾಮೀನಿಗೆ ಹಣ ಎಲ್ಲಿಂದ ಹೊಂದಿಸುತ್ತಿದ್ದೀರಿ, ಇವು ಯಾವುವೂ ಪತ್ರದಲ್ಲಿ ಬೇಡ. ‘ನೀನು ಆ ದಿನ ಊರಲ್ಲೇ ಇರಲಿಲ್ಲವಲ್ಲ’ ಎಂದು ಧೈರ್ಯ ಹೇಳಲು ಬರೆದ ಸಾಲು ಕೂಡ ಬೇಡ. ಅಂಥದ್ದನ್ನು ವಕೀಲರ ಕಿವಿಗೆ ಹಾಕಿ.

ಕವಿತೆಗೂ ಇದೇ ಮಾತು. ಕವಿತೆಯಲ್ಲಿ ‘ನಾನು’ ಅಂದವನು ಬರೆದವನೇ ಆಗಿರಬೇಕಿಲ್ಲ ಎನ್ನುವುದು ಓದುಗರಿಗೆ ಗೊತ್ತು, ತನಿಖಾಧಿಕಾರಿಗೆ ಗೊತ್ತಿರಲೇಬೇಕೆಂದಿಲ್ಲ. ಪಶ್ಚಾತ್ತಾಪ, ಕೈಗಂಟಿದ ರಕ್ತ, ಸೇಡು ಇಂಥ ರೂಪಕಗಳು ವಿಚಾರಣೆ ಮುಗಿಯುವ ತನಕ ತಮ್ಮನ ನೋಟ್‌ಬುಕ್ಕಿನಲ್ಲೂ ಇರದಿದ್ದರೆ ಒಳ್ಳೆಯದು. ಇದನ್ನು ಪತ್ರದಲ್ಲಿ ಬರೆದು ತಿಳಿಸಬೇಡಿ, ಭೇಟಿಯಲ್ಲಿ ವಕೀಲರೇ ಹೇಳಲಿ. ಕವಿತೆ ಬರೆಯಬೇಡ ಎಂದು ಮಾತ್ರ ಯಾರೂ ಹೇಳದಂತೆ ನೋಡಿಕೊಳ್ಳಿ. ಮಾತಾಡದ ಹುಡುಗ ಬರೆಯಲು ಶುರುಮಾಡಿದ್ದಾನೆ ಅಂದರೆ ಅವನಿಗೆ ಒಂದು ದಾರಿ ಸಿಕ್ಕಿದೆ. ಎಂಟು ತಿಂಗಳು ಕಳೆದರೂ ಅವನ ಕೇಸು ಕೋರ್ಟಿನಲ್ಲೇ ಇದೆ. ದೇಶದ ಜೈಲುಗಳ 2022ರ ಅಧಿಕೃತ ಲೆಕ್ಕ ನೋಡಿದರೆ ಒಳಗಿದ್ದ 5,73,220 ಜನರಲ್ಲಿ 4,34,302 ಜನ ಇವನ ಹಾಗೆಯೇ ವಿಚಾರಣಾಧೀನರು. ನಾಲ್ವರಲ್ಲಿ ಮೂವರು ಅನ್ನಿ. ವಾಯಿದೆಯಿಂದ ವಾಯಿದೆಗೆ ದೂಡುವ ಈ ಕಾಲ ಎಷ್ಟು ಉದ್ದ ಎಂದು ಅವರಿಗೆ ಯಾರೂ ಹೇಳಲಾರರು. ಪತ್ರಕ್ಕೆ ಅಲ್ಲಿ ಅಷ್ಟು ಬೆಲೆ ಬರುವುದು ಇದರಿಂದಲೇ.

ಪತ್ರ ತಲುಪುತ್ತಿಲ್ಲ ಎಂದಿದ್ದೀರಿ. ಕೇಂದ್ರ ಗೃಹ ಸಚಿವಾಲಯದ 2016ರ ಮಾದರಿ ಕಾರಾಗೃಹ ಕೈಪಿಡಿಯ ಪ್ರಕಾರ ಕೈದಿಗೆ ಬರುವ ಪತ್ರಗಳಿಗೆ ಸಂಖ್ಯೆಯ ಮಿತಿ ಇಲ್ಲ. ಕೈದಿ ಬರೆಯುವ ಪತ್ರಗಳಿಗೆ ತಿಂಗಳಿಗೆ ಇಷ್ಟು ಎಂದು ಆಯಾ ರಾಜ್ಯ ನಿಗದಿಮಾಡುತ್ತದೆ. ಆ ಸಂಖ್ಯೆಯನ್ನು ಜೈಲಿನ ಭೇಟಿ ವಿಭಾಗದಲ್ಲೇ ಕೇಳಿ ತಿಳಿದುಕೊಳ್ಳಿ. ಅವನಿಂದ ಪತ್ರ ಬಾರದಿರುವುದಕ್ಕೆ ಎಷ್ಟೋ ಸಲ ಕಾರಣ ಆ ಮಿತಿ ಮುಗಿದಿರುವುದು, ಅಥವಾ ತನ್ನ ಪಾಲಿನ ಕಾಗದವನ್ನು ಇನ್ನೊಬ್ಬರಿಗೆ ಕೊಟ್ಟಿರುವುದು.

ನಿಮ್ಮ ಕಡೆಯಿಂದ ಹೋಗುವ ಪತ್ರ ದಾರಿ ತಪ್ಪಲು ದೊಡ್ಡ ಕಾರಣ ವಿಳಾಸ. ಸಾವಿರಾರು ಜನ ಇರುವ ಕಡೆ ಒಂದೇ ಹೆಸರಿನವರು ಹತ್ತಾರು ಮಂದಿ ಇರುತ್ತಾರೆ. ಹೆಸರು, ತಂದೆಯ ಹೆಸರು, ಯು.ಟಿ.ಪಿ. (ವಿಚಾರಣಾಧೀನ ಕೈದಿಯ) ಸಂಖ್ಯೆ ಮತ್ತು ವರ್ಷ, ಗೊತ್ತಿದ್ದರೆ ಬ್ಯಾರಕ್, ಆಮೇಲೆ ಕೇಂದ್ರ ಕಾರಾಗೃಹ, ಊರು, ಪಿನ್‌ಕೋಡ್, ಇಷ್ಟೂ ಬೇಕು. ಮನೆಯಲ್ಲಿ ಕರೆಯುವ ಹೆಸರು ಲಕೋಟೆಯ ಮೇಲೆ ಬೇಡ, ಎಫ್‌ಐಆರ್‌ನಲ್ಲಿರುವ ಹೆಸರೇ ಇರಲಿ. ಶಿಕ್ಷೆಯಾದ ಮೇಲೆ ಸಂಖ್ಯೆ ಬದಲಾಗಿ ಸಿ.ಟಿ.ಪಿ. ಆಗುತ್ತದೆ. ಹಳೆಯ ಸಂಖ್ಯೆಯಲ್ಲೇ ಬರೆಯುತ್ತಿದ್ದರೆ ಪತ್ರ ಅಲ್ಲೇ ಸುತ್ತುತ್ತಿರುತ್ತದೆ.

ವಾರದ ಪತ್ರಕ್ಕೆ ಇನ್‌ಲ್ಯಾಂಡ್ ಲೆಟರ್ ಸಾಕು. ಒಳಗೆ ಏನನ್ನೂ ಇಡಲಾಗದ್ದರಿಂದ ತಪಾಸಣೆ ಬೇಗ ಮುಗಿಯುತ್ತದೆ. ಲಕೋಟೆಯಾದರೆ ಎರಡು ಹಾಳೆಗಿಂತ ಹೆಚ್ಚು ಬೇಡ. ಸ್ಟೇಪ್ಲರ್ ಪಿನ್, ಸ್ಟಿಕರ್, ಸೆಲ್ಲೋಟೇಪ್, ಹೊಳೆಯುವ ಪುಡಿ ಹಚ್ಚಿದ ಗ್ರೀಟಿಂಗ್ ಕಾರ್ಡ್, ಸೆಂಟು ಹಾಕಿದ ಕಾಗದ, ಒಣಗಿದ ಹೂ, ಪ್ರಸಾದದ ಕುಂಕುಮ ಯಾವುದೂ ಬೇಡ. ಲೋಹ ಆಯುಧವಾಗುತ್ತದೆ, ಕಾಗದಕ್ಕೆ ಮಾದಕ ದ್ರವ ಲೇಪಿಸಿ ಕಳಿಸುವವರೂ ಇದ್ದಾರೆ, ಹಾಗಾಗಿ ಕಲೆ ಇರುವ ಕಾಗದವೆಲ್ಲ ಅನುಮಾನಕ್ಕೆ ಗುರಿ. ಕುಂಕುಮ ಕಳಿಸಬೇಡಿ ಎಂದು ಒಬ್ಬ ತಾಯಿಗೆ ಹೇಳುವುದು ಕಷ್ಟವೇ. ಆದರೆ ಅದರ ಜೊತೆಗಿದ್ದ ಪತ್ರವೂ ನಿಂತುಹೋಗುವುದು ಬೇಡವಲ್ಲ.

ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ. ಇದಕ್ಕೆ ದಕ್ಷಿಣ ಆಫ್ರಿಕದ ರಾಬೆನ್ ದ್ವೀಪದ ಪಾಠವಿದೆ. 1964ರಲ್ಲಿ ಮಂಡೇಲಾ ಅಲ್ಲಿಗೆ ಹೋದಾಗ ಅವರ ದರ್ಜೆಯ ಕೈದಿಗೆ ಆರು ತಿಂಗಳಿಗೆ ಒಂದು ಪತ್ರ, ಅದೂ 500 ಪದ. ಅಧಿಕಾರಿಗಳು ಮೊದಮೊದಲು ಬೇಡದ ಸಾಲಿನ ಮೇಲೆ ಮಸಿ ಬಳಿಯುತ್ತಿದ್ದರು. ಕೈದಿಗಳು ಮಸಿ ತೊಳೆದು ಓದುತ್ತಾರೆಂದು ಗೊತ್ತಾದ ಮೇಲೆ ಬ್ಲೇಡಿನಿಂದ ಸಾಲನ್ನೇ ಕತ್ತರಿಸಿ ತೆಗೆಯತೊಡಗಿದರು. ಎರಡೂ ಮಗ್ಗುಲು ಬರೆದ ಹಾಳೆಯಲ್ಲಿ ಒಂದು ಸಾಲು ಕತ್ತರಿಸಿದರೆ ಹಿಂದಿನ ಸಾಲೂ ಹೋಯಿತು. ನಮ್ಮಲ್ಲಿ ಬ್ಲೇಡು ಬಳಸದೆ ಮಸಿಯನ್ನೇ ಬಳಿದರೂ ತೆಳು ಕಾಗದದಲ್ಲಿ ಅದು ಹಿಂದಕ್ಕೆ ಇಳಿಯುತ್ತದೆ.

ಪ್ರತಿ ಪತ್ರಕ್ಕೂ ಸಂಖ್ಯೆ ಹಾಕಿ, ಮೊದಲ ಸಾಲಿನಲ್ಲೇ ಲೆಕ್ಕ ಒಪ್ಪಿಸಿ: ‘ಇದು ನನ್ನ 12ನೇ ಪತ್ರ. ನಿನ್ನ 9 ಬಂತು, 8 ಬಂದಿಲ್ಲ.’ ಅವನೂ ಹಾಗೆಯೇ ಬರೆಯಲಿ. ಯಾವ ಪತ್ರ ಕಾಣೆಯಾಯಿತು, ಯಾವ ದಿಕ್ಕಿನಲ್ಲಿ ಎಂಬುದು ಎರಡು ವಾರದಲ್ಲಿ ಗೊತ್ತಾಗುತ್ತದೆ. ಸಂಖ್ಯೆ ಇಲ್ಲದಿದ್ದರೆ ‘ಅಕ್ಕ ಬರೆಯುವುದನ್ನೇ ಬಿಟ್ಟಳು’ ಎಂದು ಅವನೂ, ‘ಅವನಿಗೆ ಬೇಸರ ಬಂದಿದೆ’ ಎಂದು ನೀವೂ ಅಂದುಕೊಳ್ಳುತ್ತೀರಿ. ಜೈಲಿನಲ್ಲಿ ಸಂಬಂಧಗಳು ಮುರಿಯುವುದು ಬಹಳ ಸಲ ಹೀಗೇ, ಯಾರ ತಪ್ಪೂ ಇಲ್ಲದೆ. ಒಂದೇ ದಿಕ್ಕಿನಲ್ಲಿ ಸತತ ಮೂರು ಪತ್ರ ಕಾಣೆಯಾದರೆ ಅಧೀಕ್ಷಕರ ಹೆಸರಿಗೆ ಸಂಖ್ಯೆ, ದಿನಾಂಕ ಸಹಿತ ಸೌಮ್ಯವಾದ ಒಂದು ಅರ್ಜಿ ಕೊಡಿ. ಪತ್ರ ತಡೆಹಿಡಿದಿದ್ದರೆ ಕಾರಣ ತಿಳಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ತಲುಪಿದ ದಾಖಲೆ ಬೇಕೆನಿಸಿದಾಗ ಸ್ಪೀಡ್ ಪೋಸ್ಟ್ ಮಾಡಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್‌ನಲ್ಲೇ ಸೇರಿಹೋಗಿದೆ.

ಇನ್ನು ಅನುಮಾನ ಹುಟ್ಟಿಸುವ ಬರವಣಿಗೆ. ಸೆನ್ಸಾರ್ ಮಾಡುವವರು ಸಾಹಿತ್ಯ ವಿಮರ್ಶಕರಲ್ಲ, ಒಂದು ದಿನಕ್ಕೆ ರಾಶಿ ಪತ್ರ ನೋಡಬೇಕಾದ ಸಿಬ್ಬಂದಿ. ಅರ್ಧರ್ಧ ಸಾಲು, ಒಡೆದ ಪದ, ಅಡ್ಡಹೆಸರು, ಬರಿಯ ಅಂಕಿಗಳು, ನಕ್ಷೆಯಂತೆ ಕಾಣುವ ಚಿತ್ರ ಇವು ಸಂಕೇತಭಾಷೆಯಂತೆ ಕಂಡರೆ ಬದಿಗೆ ಇಡುತ್ತಾರೆ. ಅದಕ್ಕೇ ಕವಿತೆಗೆ ಶೀರ್ಷಿಕೆ ಇರಲಿ, ಮೇಲೆ ‘ಕವಿತೆ’ ಎಂದು ಬರೆದಿರಲಿ, ಗದ್ಯದ ನಡುವೆ ತುರುಕದೆ ಬೇರೆ ಹಾಳೆಯಲ್ಲಿ ಇರಲಿ. ಅಲ್ಲಿನವರಿಗೆ ಬಾರದ ಭಾಷೆಯಲ್ಲಿ ಬರೆದರೆ ಅನುವಾದವಾಗುವ ತನಕ ಪತ್ರ ನಿಲ್ಲುತ್ತದೆ. ಕನ್ನಡಕ್ಕೆ ಕರ್ನಾಟಕದಲ್ಲಿ ಆ ತೊಂದರೆ ಇಲ್ಲ. ಆದರೆ ಅವನು ಬೇರೆ ರಾಜ್ಯದ ಜೈಲಿಗೆ ಹೋದರೆ, ಅಥವಾ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಗೆಳೆಯನಿಗೆ ಪತ್ರ ಬರೆದುಕೊಡುವಾಗ ಇದು ನೆನಪಿರಲಿ.

ಈಗ ನಿಮ್ಮ ನಿಜವಾದ ಪ್ರಶ್ನೆ. ಕವಿತೆ ಬಂದಾಗ ಏನು ಬರೆಯುವುದು?

‘ತುಂಬಾ ಚೆನ್ನಾಗಿದೆ, ಹೀಗೇ ಬರೆಯುತ್ತಿರು’ ಎಂದು ಬರೆಯುವುದು ಎಲ್ಲರೂ ಮಾಡುವ ಕೆಲಸ, ಅದರಿಂದ ಪ್ರಯೋಜನ ಕಡಿಮೆ. ಎರಡು ಸಲ ಅದನ್ನೇ ಓದಿದ ಮೇಲೆ, ಅಕ್ಕ ಸಮಾಧಾನಕ್ಕೆ ಹೇಳುತ್ತಾಳೆ ಎಂದು ಅವನಿಗೆ ತಿಳಿದುಹೋಗುತ್ತದೆ. ಕಾಗುಣಿತ ತಿದ್ದಿ ಕಳಿಸುವುದು ಇನ್ನೂ ಕೆಟ್ಟದ್ದು, ದಿನವಿಡೀ ಒಬ್ಬರಲ್ಲ ಒಬ್ಬರು ಅವನನ್ನು ತಿದ್ದುತ್ತಲೇ ಇರುತ್ತಾರೆ. ಬರೆದವನಿಗೆ ಬೇಕಾದದ್ದು ತಾನು ಹೇಳಿದ್ದು ಮುಟ್ಟಿತು ಎನ್ನುವ ಗುರುತು. ಅದಕ್ಕೆ ಮೂರೇ ಕೆಲಸ. ಅವನ ಕವಿತೆಯಿಂದ ನಿಮ್ಮನ್ನು ಹಿಡಿದು ನಿಲ್ಲಿಸಿದ ಒಂದು ಸಾಲನ್ನು ಹಾಗೇ ನಿಮ್ಮ ಕೈಬರಹದಲ್ಲಿ ಮರಳಿ ಬರೆಯಿರಿ. ಆ ಸಾಲಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿ, ಹೌದು ಇಲ್ಲ ಎಂದು ಮುಗಿಯದಂಥದ್ದು. ‘ಬೆಳಗಿನ ಲೆಕ್ಕಕ್ಕೆ ನಿಂತಾಗ ಕಾಗೆ ಕೂಗಿತು’ ಎಂದು ಬರೆದಿದ್ದರೆ, ‘ಕಾಗೆ ಎಲ್ಲಿ ಕೂರುತ್ತದೆ, ಅಲ್ಲಿ ಮರ ಇದೆಯಾ?’ ಎಂದು ಕೇಳಬಹುದು. (ಗೋಡೆಯ ಎತ್ತರ, ಗೇಟು, ಕಾವಲಿನ ಸಮಯ ಕೇಳಬಾರದು, ಅದು ಭದ್ರತೆಯ ವಿಷಯ, ಪತ್ರ ಅಲ್ಲೇ ನಿಲ್ಲುತ್ತದೆ.) ಮೂರನೆಯದು, ಮನೆಯ ಕಡೆಯ ಒಂದು ನೋಟವನ್ನು ಅಷ್ಟೇ ಸಾಲಿನಲ್ಲಿ ಬರೆದು ಕಳಿಸಿ. ಕವಿತೆ ಆಗಬೇಕಿಲ್ಲ. ಆಲೆಮನೆಯಲ್ಲಿ ಈ ಸಲ ಯಾರು ಬೆಲ್ಲ ಕಾಸುತ್ತಿದ್ದಾರೆ, ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೇ, ಅಜ್ಜಿ ಯಾರನ್ನು ಬೈದಳು. ಹಬ್ಬದೂಟದ ವರ್ಣನೆ ಮಾತ್ರ ಒಂದು ಸಾಲಿಗೆ ನಿಲ್ಲಲಿ.

ಎಲ್ಲಕ್ಕಿಂತ ಮುಖ್ಯ ಉತ್ತರ ಹೋಗುವ ದಿನ. ವಾರಕ್ಕೊಂದು ಎಂದರೆ ವಾರಕ್ಕೊಂದೇ, ಹದಿನೈದು ದಿನಕ್ಕೊಂದಾದರೆ ಹಾಗೇ. ಉತ್ಸಾಹದಲ್ಲಿ ಮೊದಲ ತಿಂಗಳು ಹತ್ತು ಬರೆದು ಆಮೇಲೆ ನಿಲ್ಲಿಸಿದರೆ, ಬರೆಯದೇ ಇದ್ದುದಕ್ಕಿಂತ ಹೆಚ್ಚು ನೋವಾಗುತ್ತದೆ. ಅಮೆರಿಕದ ಲೇಖಕರ ಸಂಸ್ಥೆ ಪೆನ್ ಅಮೆರಿಕ 1971ರಿಂದ ಜೈಲಿನ ಬರಹಕ್ಕೆಂದೇ ಒಂದು ಕಾರ್ಯಕ್ರಮ ನಡೆಸುತ್ತಿದೆ. ಒಳಗೆ ಬರೆಯುವವರನ್ನು ಹೊರಗಿನ ಲೇಖಕರ ಜೊತೆ ಅಂಚೆಯ ಮೂಲಕ ಜೋಡಿಸುವುದು ಅದರ ಒಂದು ಕೆಲಸ. ಅರ್ಧ ಶತಮಾನ ದಾಟಿಯೂ ಅದು ಕಾಗದದ ಮೇಲೇ ನಡೆಯುತ್ತಿರುವುದಕ್ಕೆ ಅರ್ಥವಿದೆ. ಭೇಟಿಯ ಕೆಲವೇ ನಿಮಿಷದಲ್ಲಿ, ಅಕ್ಕಪಕ್ಕ ಹತ್ತು ಜನ ಕೂಗಾಡುತ್ತಿರುವಾಗ, ಒಂದು ಸಾಲಿನ ಬಗ್ಗೆ ಮಾತಾಡಲು ಆಗುವುದಿಲ್ಲ.

ಏನು ಬರೆಯಬೇಕೆಂದು ಅವನಿಗೆ ತೋಚದ ವಾರವೂ ಬರುತ್ತದೆ. ಕೋರ್ಟ್ ವಾಯಿದೆಯ ಹಿಂದೆ ಮುಂದೆ ಹೆಚ್ಚಾಗಿ ಹೀಗಾಗುತ್ತದೆ. ಆಗ ‘ನಿನ್ನ ಭಾವನೆ ಬರೆ’ ಅನ್ನಬೇಡಿ, ಅಳತೆ ಇರುವ ಸಣ್ಣ ಕೆಲಸ ಕೊಡಿ. ಬೀಗ ತೆಗೆಯುವ ಮೊದಲು ಕೇಳಿಸುವ ಏಳು ಸದ್ದು, ಏಳು ಸಾಲು. ಅಮ್ಮನ ಅಡುಗೆಮನೆಯಲ್ಲಿರುವ ಐದು ವಸ್ತು, ಒಂದೊಂದಕ್ಕೂ ಒಂದು ಸಾಲು, ‘ನೆನಪು’ ಎಂಬ ಪದ ಬರುವಂತಿಲ್ಲ. ನಿಷೇಧ ಇದ್ದಷ್ಟೂ ಬರವಣಿಗೆ ಚುರುಕಾಗುತ್ತದೆ.

ನೋಟ್‌ಬುಕ್ಕು ಸ್ಪೈರಲ್ ತಂತಿ ಇಲ್ಲದ್ದು, ನೂಲಿನಿಂದ ಹೊಲಿದದ್ದು ಇರಲಿ. ಜೈಲಿನ ಕ್ಯಾಂಟೀನಿನಲ್ಲಿ ಸಿಗುವುದಾದರೆ ಅಲ್ಲಿಯೇ ಕೊಳ್ಳುವುದು ಲೇಸು, ಹೊರಗಿನಿಂದ ಕೊಡುವ ವಸ್ತುವಿಗೆ ಪ್ರತಿ ಸಲವೂ ಅನುಮತಿಯ ರಗಳೆ. ನೋಟ್‌ಬುಕ್ಕನ್ನು ಖಜಾನೆ ಎಂದು ಅವನು ನಂಬಿಕೊಳ್ಳಬಾರದು. ಹಠಾತ್ ತಪಾಸಣೆ, ಬ್ಯಾರಕ್ ಬದಲಾವಣೆ, ರಾತ್ರೋರಾತ್ರಿ ಬೇರೆ ಜೈಲಿಗೆ ವರ್ಗ, ಮಳೆಗಾಲದಲ್ಲಿ ಸೋರುವ ಸೂರು, ಎಲ್ಲದರಲ್ಲೂ ಮೊದಲು ಹೋಗುವುದು ಕಾಗದ. ಕವಿತೆ ಮುಗಿದ ವಾರವೇ ಪತ್ರದಲ್ಲಿ ನಕಲು ಮಾಡಿ ಮನೆಗೆ ಕಳಿಸಲಿ. ನೀವು ಬಂದ ದಿನವೇ ಫೋಟೊ ತೆಗೆದು, ಬೇರೆ ಪುಸ್ತಕದಲ್ಲಿ ಕೈಯಲ್ಲೂ ಬರೆದಿಟ್ಟುಕೊಳ್ಳಿ, ಮೂಲ ಪತ್ರವನ್ನು ಲಕೋಟೆ ಸಮೇತ ಇಡಿ.

ಕಾಗದವೇ ಸಿಗದಿದ್ದರೆ? ಇದಕ್ಕೆ ಲೋಕದ ಜೈಲುಗಳಲ್ಲಿ ಪಳಗಿದ ಉತ್ತರ ಇದೆ. 1983ರಲ್ಲಿ ಸೋವಿಯತ್ ನ್ಯಾಯಾಲಯ ಕವಯಿತ್ರಿ ಇರೀನಾ ರತುಶಿನ್‌ಸ್ಕಯಾಗೆ ಏಳು ವರ್ಷದ ಶ್ರಮಶಿಬಿರದ ಶಿಕ್ಷೆ ವಿಧಿಸಿತು. ಅಪರಾಧ ಅವರ ಕವಿತೆಗಳೇ. ಆಕೆ ಸೋಪಿನ ಬಿಲ್ಲೆಯ ಮೇಲೆ ಬೆಂಕಿಕಡ್ಡಿಯಿಂದ ಗೀರಿ ಬರೆಯುತ್ತಿದ್ದರು, ಬಾಯಿಪಾಠ ಆದ ಮೇಲೆ ಕೈ ತೊಳೆದುಬಿಡುತ್ತಿದ್ದರು. 1986ರ ಅಕ್ಟೋಬರಿನಲ್ಲಿ ಬಿಡುಗಡೆಯಾಗಿ ಹೊರಬಂದಾಗ ಕವಿತೆಗಳು ತಲೆಯಲ್ಲಿದ್ದವು. ಅವರಿಗಿಂತ ಮೊದಲು ರಷ್ಯದ ಲೇಖಕ ಸೊಲ್ಜೆನಿತ್ಸಿನ್ ಶಿಬಿರದಲ್ಲಿ, ಬ್ರೆಡ್ಡಿನಿಂದ ಮಣಿ ಮಾಡಿ ಪೋಣಿಸಿದ ಜಪಸರದಲ್ಲಿ ಸಾಲು ಎಣಿಸುತ್ತ ಸಾವಿರಾರು ಸಾಲು ಉಳಿಸಿಕೊಂಡರು.

ಬಾಯಿಪಾಠಕ್ಕೆ ಕನ್ನಡದಷ್ಟು ಅನುಕೂಲದ ಸರಕು ಕಡಿಮೆ ಭಾಷೆಗಳಲ್ಲಿದೆ, ನಾವು ಅದನ್ನು ಶಾಲೆಯ ಪರೀಕ್ಷೆಗೆ ಬಿಟ್ಟುಕೊಟ್ಟಿದ್ದೇವೆ ಅಷ್ಟೆ. ನಿಮ್ಮ ತಮ್ಮ ಹೈಸ್ಕೂಲಿನಲ್ಲಿ ಕಲಿತ ಭಾಮಿನಿ ಷಟ್ಪದಿಯನ್ನು ನೆನಪಿಸಿಕೊಳ್ಳಲಿ. ಒಂದು, ಎರಡು, ನಾಲ್ಕು, ಐದನೇ ಸಾಲಿನಲ್ಲಿ 3+4+3+4, ಒಟ್ಟು 14 ಮಾತ್ರೆ. ಮೂರು ಮತ್ತು ಆರನೇ ಸಾಲಿನಲ್ಲಿ 3+4 ಮೂರು ಸಲ ಬಂದು ಕೊನೆಗೆ ಒಂದು ಗುರು, ಒಟ್ಟು 23. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ. ಉದಾಹರಣೆಗೆಂದೇ ಕಟ್ಟಿದ ಅರ್ಧ ಪದ್ಯ ಇಲ್ಲಿದೆ:

ಗೋಡೆ ಮೇಲಿನ ಬಿಸಿಲ ತುಣುಕೇ
ನೋಡಿ ಹೋಗುವೆ ದಿನಕೆ ಒಮ್ಮೆಯೆ
ಬೇಡ ಎಂದರು ಬರುವೆ ಕಬ್ಬಿಣ ಸರಳ ನಡುವಲಿ ನೀ

ಕಾವ್ಯವಾಗಿ ಇದೇನೂ ದೊಡ್ಡದಲ್ಲ. ಅದರ ಕೀಲು ನೋಡಿ. ತಿಂಗಳ ಮೇಲೆ ‘ಬಿಸಿಲ’ ಮರೆತು ‘ಬೆಳಕಿನ’ ಎಂದು ಬಾಯಿಗೆ ಬಂದರೆ, ಮೂರು ಇರಬೇಕಾದ ಕಡೆ ನಾಲ್ಕು ಮಾತ್ರೆ ಆಗಿ ನಾಲಿಗೆ ಎಡವುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಸಾಲಿನ ತಲೆಯೇ ಮರೆತರೆ ಗೋಡೆ, ನೋಡಿ, ಬೇಡ ಎಂಬ ‘ಡ’ಕಾರ ಎಳೆದು ತರುತ್ತದೆ. ಪ್ರಾಸವನ್ನು ಅಲಂಕಾರ ಎಂದು ತಳ್ಳಿಹಾಕುವವರು ಅದರ ಈ ಕೆಲಸವನ್ನು ಮರೆಯುತ್ತಾರೆ. ಮುಕ್ತಛಂದ ಬರೆಯುವವರಿಗೆ ಈ ಕಾವಲು ಇಲ್ಲ. ಅವರು ಒಂದೊಂದು ಸಾಲನ್ನೂ ಒಂದೊಂದು ಬೆರಳ ಗೆಣ್ಣಿಗೆ ಕಟ್ಟಿ, ಒಂದು ಕೈಗೆ ಹನ್ನೆರಡೇ ಸಾಲು ಎಂದು ಮಿತಿ ಹಾಕಿಕೊಂಡರೆ ನಿಲ್ಲುತ್ತದೆ. ಹೊಸ ಕವಿತೆಯನ್ನು ದಿನಾ ರಾತ್ರಿ ಒಮ್ಮೆ, ಹಳೆಯದನ್ನು ವಾರಕ್ಕೊಮ್ಮೆ ಹೇಳಿಕೊಳ್ಳಲಿ, ಸಾಧ್ಯವಿದ್ದರೆ ಪಕ್ಕದವನಿಗೂ ಕಲಿಸಲಿ. ಎರಡು ತಲೆಯಲ್ಲಿರುವ ಕವಿತೆ ಒಂದು ತಲೆಯಲ್ಲಿರುವುದಕ್ಕಿಂತ ಭದ್ರ.

ಇತರರಿಗೆ ಪತ್ರ ಬರೆದುಕೊಡುತ್ತಾನೆ ಎಂದಿದ್ದೀರಲ್ಲ, ನಿಮ್ಮ ಪ್ರಶ್ನೆಯಲ್ಲಿ ಹೆಚ್ಚು ತೂಕದ್ದು ಅದೇ. ನೀವು ಅದನ್ನು ಹೇಳಿದ್ದು ಬರೀ ಅರ್ಧ ಸಾಲಿನಲ್ಲಿ. ಈ ದೇಶದ ಜೈಲು ಕಾನೂನನ್ನು ಬದಲಿಸಿದ ಒಂದು ಕಾಗದ ಅಂಥದ್ದೇ. ತಿಹಾರ್ ಜೈಲಿನಲ್ಲಿದ್ದ ಸುನಿಲ್ ಬಾತ್ರಾ ಎಂಬ ಕೈದಿ 1979ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಪತ್ರ ಬರೆದ. ತನ್ನ ಪರವಾಗಿ ಅಲ್ಲ, ಸಿಬ್ಬಂದಿಯಿಂದ ಚಿತ್ರಹಿಂಸೆಗೆ ಒಳಗಾದ ಪ್ರೇಮ್‌ಚಂದ್ ಎಂಬ ಇನ್ನೊಬ್ಬ ಕೈದಿಯ ಪರವಾಗಿ. ಕೋರ್ಟು ಆ ಪತ್ರವನ್ನೇ ಹೇಬಿಯಸ್ ಕಾರ್ಪಸ್ (ಬಂಧನದಲ್ಲಿರುವವರ ರಕ್ಷಣೆ ಕೋರುವ) ಅರ್ಜಿಯಾಗಿ ಸ್ವೀಕರಿಸಿತು. ಆ ವರ್ಷದ ಡಿಸೆಂಬರ್ 20ರಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಕೊಟ್ಟ ತೀರ್ಪಿನಲ್ಲಿ ಜೈಲುಗಳಲ್ಲಿ ದೂರು ಪೆಟ್ಟಿಗೆ ಇಡುವ ನಿರ್ದೇಶನವಿದೆ. ಕೈದಿಗಳು ತಮ್ಮ ಅಹವಾಲನ್ನು ಬಿಚ್ಚಿ ಹೇಳಿಕೊಳ್ಳಲು ಅವರದೇ ಗೋಡೆ ಪತ್ರಿಕೆ ಇದ್ದರೆ ಒತ್ತಡ ಇಳಿಯುತ್ತದೆ ಎಂಬ ಮಾತೂ ಇದೆ. ಗೋಡೆ ಪತ್ರಿಕೆ ಬೇಕೆಂದು ಒಳಗಿನವರು ಅಧೀಕ್ಷಕರಿಗೆ ಮನವಿ ಕೊಡುವಾಗ ಈ ತೀರ್ಪನ್ನು ಉಲ್ಲೇಖಿಸಬಹುದು.

ಬರೆದುಕೊಡುವವನಿಗೆ ಕೆಲವು ಕಟ್ಟುಪಾಡು ಬೇಕು, ಇಲ್ಲವಾದರೆ ಒಳ್ಳೆಯ ಕೆಲಸ ಜಗಳಕ್ಕೆ ತಿರುಗುತ್ತದೆ. ಹೇಳುವವನು ಯಾವ ಮಾತಿನಲ್ಲಿ ಹೇಳುತ್ತಾನೋ ಅದೇ ಮಾತಿನಲ್ಲಿ ಬರೆಯಬೇಕು. ‘ಹ್ವಾರೇ ಭಾಳ ಐತಿ’ ಎಂದರೆ ಅದನ್ನು ‘ಕೆಲಸದ ಒತ್ತಡ ಅಧಿಕವಾಗಿದೆ’ ಮಾಡಿದರೆ, ಊರಲ್ಲಿ ಓದಿಸಿಕೊಂಡು ಕೇಳುವ ಹೆಂಡತಿಗೆ ಅದು ಗಂಡನ ದನಿ ಅನ್ನಿಸುವುದಿಲ್ಲ. ಬರೆದಾದ ಮೇಲೆ ಪೂರ್ತಿ ಓದಿ ಹೇಳಬೇಕು, ಅವನು ಹೂಂ ಎಂದ ಮೇಲೆ ಹೆಬ್ಬೆಟ್ಟೋ ಸಹಿಯೋ ಹಾಕಿಸಬೇಕು. ಕೇಸಿನ ವಿವರ ಹೇಳಲು ಹೊರಟರೆ ತಡೆದು, ಇದು ವಕೀಲರಿಗೆ ಎನ್ನಬೇಕು. ತಾನು ಕೇಳಿಸಿಕೊಂಡದ್ದರಿಂದ ನಾಳೆ ಇವನನ್ನೇ ಸಾಕ್ಷಿ ಮಾಡಬಹುದು. ಬೀಡಿ, ಬಿಸ್ಕತ್ತು, ಏನನ್ನೂ ತೆಗೆದುಕೊಳ್ಳಬಾರದು. ಪ್ರತಿಫಲ ಶುರುವಾದ ದಿನ ಅಧಿಕಾರ ಶುರುವಾಗುತ್ತದೆ, ಯಾರಿಗೆ ಮೊದಲು ಬರೆಯುವುದು ಎಂಬ ಕಿತ್ತಾಟ ಹಿಂದೆಯೇ ಬರುತ್ತದೆ. ಜಾತಿ ನೋಡಿ ಸರದಿ ಇಡುವ ಪ್ರಶ್ನೆಯೇ ಬೇಡ.

ಯಾರಿಗಾದರೂ ಹೊಡೆತ ಬಿದ್ದರೆ, ಔಷಧ ಸಿಗದಿದ್ದರೆ ಅದನ್ನು ಕವಿತೆಯಲ್ಲಿ ಸೂಚ್ಯವಾಗಿ ಹೇಳಲು ಹೋಗಬಾರದು. ಕವಿತೆಗೂ ಕೇಡು, ದೂರಿಗೂ ಕೇಡು. ದೂರು ಬೇರೆ ಹಾಳೆಯಲ್ಲಿ ಇರಲಿ: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾರು ಕಂಡರು, ವೈದ್ಯರಿಗೆ ತೋರಿಸಿದರೇ, ಏನು ಬೇಕು. ವಿಶೇಷಣ ಒಂದೂ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ವಿಳಾಸ ಬರೆಯಬಹುದು, ಜೈಲಿಗೆ ಬರುವ ಪ್ರಾಧಿಕಾರದ ವಕೀಲರ ಕೈಗೂ ಕೊಡಬಹುದು. ಅವರ ಸೇವೆಗೆ ಶುಲ್ಕ ಇಲ್ಲ.

ನಾಲ್ಕೈದು ಜನ ಬರೆಯುವವರು ಸೇರಿದರೆ ವಾರಕ್ಕೊಮ್ಮೆ ಕೂರಬಹುದು. ಹೆಚ್ಚೆಂದರೆ ಎಂಟು ಜನ, ಮುಕ್ಕಾಲು ಗಂಟೆ, ಅಧಿಕಾರಿಗಳಿಗೆ ಮೊದಲೇ ತಿಳಿಸಿ, ಗ್ರಂಥಾಲಯದಲ್ಲೋ ಶಾಲೆಯ ಕೋಣೆಯಲ್ಲೋ. ಮುಚ್ಚುಮರೆಯ ಗುಂಪು ಎನ್ನಿಸಿದರೆ ಎರಡನೇ ವಾರಕ್ಕೇ ಚದುರಿಸುತ್ತಾರೆ. ಓದು ಬಾರದವರು ಬಾಯಲ್ಲಿ ಕಟ್ಟಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಜನಪದ ತ್ರಿಪದಿ ಗೊತ್ತಿರುವ ಒಬ್ಬ ಮುದುಕ ಆ ಗುಂಪಿನಲ್ಲಿದ್ದರೆ ಬಿ.ಎ. ಓದಿದವರಿಗಿಂತ ಮುಂದೆ ಇರುತ್ತಾನೆ. ಯಾವ ಕೇಸು ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ ಎನ್ನುವ ಒಂದು ನಿಯಮ ಸಾಕು, ಮಿಕ್ಕದ್ದು ತಾನಾಗಿ ಕೂಡಿಬರುತ್ತದೆ. ಹುಲುಗಪ್ಪ ಕಟ್ಟೀಮನಿ ಅವರು ಕರ್ನಾಟಕದ ಜೈಲುಗಳಲ್ಲಿ ಕೈದಿಗಳಿಂದ ನಾಟಕ ಆಡಿಸಿದ ಕೆಲಸ ನಮ್ಮ ಕಣ್ಣಮುಂದಿದೆ. ಜೈಲಿನ ಆಡಳಿತ ಮನಸ್ಸು ಮಾಡಿದರೆ ಇಂಥದ್ದಕ್ಕೆ ಜಾಗ ಆಗುತ್ತದೆ.

ಪ್ರಕಟಣೆಯ ಪ್ರಶ್ನೆಗೆ ಕಾನೂನು ನಿಮ್ಮ ಕಡೆಗಿದೆ. 1960ರ ದಶಕದಲ್ಲಿ ಪ್ರಭಾಕರ ಪಾಂಡುರಂಗ ಸಂಝಗಿರಿ ಎಂಬವರು ಬಂಧನದಲ್ಲಿದ್ದು ಅಣುವಿಜ್ಞಾನದ ಬಗ್ಗೆ ಮರಾಠಿಯಲ್ಲಿ ಪುಸ್ತಕ ಬರೆದರು. ಹಸ್ತಪ್ರತಿಯನ್ನು ಹೆಂಡತಿಗೆ ಕಳಿಸಲು ಮಹಾರಾಷ್ಟ್ರ ಸರ್ಕಾರ ಬಿಡಲಿಲ್ಲ. ಬಂಧನದ ಷರತ್ತುಗಳಲ್ಲಿ ಇಲ್ಲದ ನಿರ್ಬಂಧವನ್ನು ಸರ್ಕಾರ ಹೇರುವಂತಿಲ್ಲ, ಕಳಿಸಲು ಬಿಡಿ ಎಂದು 1965ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. 1981ರ ಫ್ರಾನ್ಸಿಸ್ ಕೊರಾಲಿ ಪ್ರಕರಣದಲ್ಲಿ ಓದುವುದು, ಬರೆಯುವುದು, ಬಗೆಬಗೆಯಾಗಿ ತನ್ನನ್ನು ವ್ಯಕ್ತಪಡಿಸಿಕೊಳ್ಳುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. 1994ರಲ್ಲಿ, ತಮಿಳುನಾಡಿನ ಮರಣದಂಡನೆಯ ಕೈದಿಯೊಬ್ಬನ ಆತ್ಮಕಥೆಯನ್ನು ಪತ್ರಿಕೆಯೊಂದು ಅಚ್ಚುಮಾಡುವ ಮೊದಲೇ ಅಧಿಕಾರಿಗಳು ತಡೆಯಲು ಹೊರಟಾಗ, ಅಂಥ ಪೂರ್ವಭಾವಿ ತಡೆಗೆ ಅವರಿಗೆ ಅಧಿಕಾರವಿಲ್ಲ ಎಂದಿತು.

ಹಕ್ಕು ಇದೆ ಎಂದ ಮಾತ್ರಕ್ಕೆ ಆತುರ ಬೇಡ. ಮೊದಲು ವಕೀಲರು ಪ್ರತಿಯೊಂದು ಕವಿತೆಯನ್ನೂ ಓದಲಿ. ಯಾವ ಕವಿತೆ, ಯಾವ ಹೆಸರಿನಲ್ಲಿ ಬರಬಹುದೆಂದು ತಮ್ಮ ತನ್ನ ಕೈಬರಹದಲ್ಲಿ, ದಿನಾಂಕ ಹಾಕಿ ಒಪ್ಪಿಗೆ ಬರೆದು ಕಳಿಸಲಿ. ಭೇಟಿಯಲ್ಲಿ ತಲೆಯಾಡಿಸಿದ್ದನ್ನು ಒಪ್ಪಿಗೆ ಎಂದುಕೊಳ್ಳಬೇಡಿ, ಎದುರಿಗಿರುವ ಅಕ್ಕನಿಗೆ ಇಲ್ಲ ಅನ್ನುವುದು ಅವನಿಗೆ ಕಷ್ಟ. ವಿಚಾರಣೆ ನಡೆಯುವಾಗ ಕಾವ್ಯನಾಮ ಮೇಲು. ಸಹಕೈದಿಗಳ ಹೆಸರು, ಬ್ಯಾರಕ್ ಸಂಖ್ಯೆ, ಸಿಬ್ಬಂದಿಯ ಹೆಸರು, ಪ್ರಕರಣದಲ್ಲಿ ನೊಂದವರ ಬಗ್ಗೆ ಸುಳಿವು ಇದ್ದರೆ ಅಂಥ ಕವಿತೆ ಕಾಯಲಿ. ಸಾಲು ತೆಗೆದು ಅಚ್ಚುಮಾಡುವುದಾದರೆ ಅವನನ್ನು ಕೇಳಿಯೇ ತೆಗೆ­ಯಬೇಕು. ಕೈಬರಹದ ಹಾಳೆಯ ಫೋಟೊವನ್ನು ಫೇಸ್‌ಬುಕ್ಕಿಗೆ, ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕುವುದು ಸಾಮಾನ್ಯ ತಪ್ಪು. ಜೈಲಿನ ಮುದ್ರೆ, ಯು.ಟಿ.ಪಿ. ಸಂಖ್ಯೆ, ಸೆನ್ಸಾರ್ ಮಾಡಿದವರ ಸಹಿ ಎಲ್ಲ ಅದರಲ್ಲೇ ಇರುತ್ತವೆ, ಮತ್ತೆ ಅದರ ಕೆಳಗಿನ ಕಾಮೆಂಟುಗಳು ನಿಮ್ಮ ಕೈಯಲ್ಲಿರುವುದಿಲ್ಲ. ಜಾಮೀನು ಸಿಕ್ಕ ಮೇಲೆ ಷರತ್ತುಗಳಲ್ಲಿ ಮಾಧ್ಯಮದ ಜೊತೆ ಮಾತಾಡಬಾರದು ಎಂಬುದೇನಾದರೂ ಇದೆಯೇ ನೋಡಿ, ಆಮೇಲೆ ಮುಂದುವರಿಯಿರಿ. ಸಂಪಾದಕರಿಗೆ ‘ಜೈಲಿನ ಕವಿ’ ಎಂಬ ಹಣೆಪಟ್ಟಿ ಬೇಡ ಎಂದು ಮೊದಲೇ ಹೇಳುವುದು ಒಳ್ಳೆಯದು. ಕವಿತೆ ಚೆನ್ನಾಗಿದ್ದರೆ ಹಣೆಪಟ್ಟಿ ಇಲ್ಲದೆಯೇ ಹಾಕುತ್ತಾರೆ.

ಸ್ನೇಹಿತರು ಖಂಡಿತ ಬರೆಯಲಿ, ಜೊತೆ ಆರೋಪಿಯೋ ಸಾಕ್ಷಿಯೋ ಆಗಿರುವವರನ್ನು ಬಿಟ್ಟು. ಎಲ್ಲರೂ ಒಂದೇ ವಾರ ಬರೆಯುವುದು ಬೇಡ. ನಾಲ್ವರಿದ್ದರೆ ತಿಂಗಳ ನಾಲ್ಕು ವಾರ ಹಂಚಿಕೊಳ್ಳಲಿ. ಬಿಡುಗಡೆಯ ಭರವಸೆ, ಕೆಲಸ ಕೊಡಿಸುವ ಮಾತು, ‘ಸೋಮವಾರ ಭೇಟಿಗೆ ಬರುತ್ತೇನೆ’ ಎಂಬಂಥದ್ದನ್ನು ಖಾತ್ರಿ ಇಲ್ಲದೆ ಬರೆಯಬಾರದು. ಅವನ ಬ್ಯಾರಕ್‌ನಲ್ಲಿ ಯಾರಿಂದಲೂ ಪತ್ರ ಬಾರದವರು ಇದ್ದರೆ, ಅವರು ಒಪ್ಪಿದ ಮೇಲೆ, ನಿಮ್ಮ ಗುಂಪಿನ ಒಬ್ಬರು ಅವರಿಗೂ ತಿಂಗಳಿಗೊಂದು ಕಾರ್ಡು ಬರೆಯಬಹುದು. ಮನೆಯ ವಿಳಾಸದ ಬದಲು ಸಂಸ್ಥೆಯ ಅಥವಾ ವಾಚನಾಲಯದ ವಿಳಾಸ ಕೊಡಿ. ಹಣ ಕೇಳಿದರೆ ಇಲ್ಲ ಎನ್ನಲು ಮೊದಲೇ ಸಿದ್ಧರಾಗಿರಿ. ಹೆಣ್ಣುಮಕ್ಕಳ ಬ್ಯಾರಕ್‌ನವರಿಗೆ ಬರೆಯಲು ಮಹಿಳೆಯರು ಮುಂದೆ ಬಂದರೆ ಇನ್ನೂ ಒಳ್ಳೆಯದು. ಗಂಡಸರನ್ನು ನೋಡಲು ಹೆಂಡತಿ, ತಾಯಿ ಬರುತ್ತಾರೆ, ಜೈಲಿಗೆ ಹೋದ ಹೆಂಗಸನ್ನು ಮನೆಯವರು ಕೈಬಿಡುವುದೇ ಹೆಚ್ಚು. ಆರು ವರ್ಷದೊಳಗಿನ ಮಗು ತಾಯಿಯ ಜೊತೆಗೇ ಒಳಗಿದ್ದರೆ, ಆ ಮಗುವಿಗೆಂದು ದೊಡ್ಡ ಅಕ್ಷರದಲ್ಲಿ ಬರೆದ ಒಂದು ಶಿಶುಗೀತೆಯನ್ನೂ ಸೇರಿಸಿ ಕಳಿಸಬಹುದು.

ಅವನು ಅಥವಾ ಅವನ ಗೆಳೆಯ ಬೇರೆ ಜೈಲಿಗೆ ವರ್ಗವಾದರೆ ಇಬ್ಬರ ನಡುವೆ ಪತ್ರ ನಡೆಯಬಹುದೇ ಎಂಬ ಪ್ರಶ್ನೆ ಮುಂದೆ ಬಂದೇ ಬರುತ್ತದೆ. ಅಧಿಕಾರಿಗಳ ಅನುಮತಿ ಬೇಕು, ಅದು ಸಿಗುವ ಖಾತ್ರಿ ಇಲ್ಲ, ಸಿಕ್ಕರೂ ಪತ್ರವನ್ನು ಎರಡೂ ಕಡೆ ಓದುತ್ತಾರೆ, ತಡವಾಗುತ್ತದೆ. ಆದರೂ ನಡೆದದ್ದುಂಟು. ತುರ್ತು ಪರಿಸ್ಥಿತಿಯಲ್ಲಿ ಸಮಾಜವಾದಿ ನಾಯಕ ಮಧು ದಂಡವತೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ (ಈಗ ಅದು ಫ್ರೀಡಂ ಪಾರ್ಕ್), ಪತ್ನಿ ಪ್ರಮೀಳಾ ಪುಣೆಯ ಯೆರವಡಾ ಜೈಲಿನಲ್ಲಿ. ಗೋಡೆಯಿಂದ ಗೋಡೆಗೆ ಸುಮಾರು 200 ಪತ್ರ ಓಡಾಡಿದವು. ವರ್ಗದ ಸುದ್ದಿ ಬಂದ ದಿನ ನೀವು ಮಾಡಬೇಕಾದದ್ದು ಇಷ್ಟು: ಹೊಸ ಜೈಲಿಗೆ ಫೋನ್ ಮಾಡಿ ಹೊಸ ಸಂಖ್ಯೆ ಕೇಳಿ ಬರೆದುಕೊಳ್ಳಿ, ಹಳೆಯ ಜೈಲಿನ ಅಧೀಕ್ಷಕರಿಗೆ ಬಂದ ಪತ್ರಗಳನ್ನು ಮುಂದಕ್ಕೆ ಕಳಿಸುವಂತೆ ಒಂದು ಅರ್ಜಿ ಕೊಡಿ, ಮತ್ತೆ ಪತ್ರದ ಸಂಖ್ಯೆಯನ್ನು ಒಂದರಿಂದ ಶುರುಮಾಡದೆ ಬಿಟ್ಟಲ್ಲಿಂದಲೇ ಮುಂದುವರಿಸಿ.